ದೊಡ್ಡವಳ ಹೆಸರಿನ ಅಳತೆಗೆ ಚಿಕ್ಕವಳ ಹೆಸರು ಹೊಲಿಯಬೇಡಿ

ಈ ತಿಂಗಳು ಬಂದವುಗಳಲ್ಲಿ ನಾಲ್ಕು ಪತ್ರಗಳು ಮಕ್ಕಳ ಹೆಸರಿನ ಬಗ್ಗೆಯೇ ಇದ್ದವು. ಅಕ್ಕ ತಂಗಿ, ಅಣ್ಣ ತಮ್ಮಂದಿರ ಹೆಸರು ಒಂದಕ್ಕೊಂದು ಹೊಂದಬೇಕು, ಹೇಗೆ ಆರಿಸೋದು ಅಂತ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ಮಂಡ್ಯ, ಮೈಸೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ 32 ವರ್ಷ ದಿನಾ ಬೆಳಗ್ಗೆ ಹಾಜರಿ ಕೂಗಿದವಳು ನಾನು. ಹೆಸರುಗಳ ಜೊತೆಗೇ ಬದುಕಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕ, ನಮಸ್ಕಾರ. ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ದೊಡ್ಡ ಮಗಳು ತನ್ವಿ, ನಾಲ್ಕು ವರ್ಷ. ಈಗ ಎರಡನೇದೂ ಹೆಣ್ಣು, ಒಂದು ತಿಂಗಳು ತುಂಬಿತು. ಚಿತ್ತಾ ನಕ್ಷತ್ರ ಮೂರನೇ ಪಾದ, 'ರ' ಅಕ್ಷರ ಬಂದಿದೆ ಅಂತ ಶಾಸ್ತ್ರಿಗಳು ಹೇಳಿದರು. ನಮ್ಮ ನಾದಿನಿ, ತನ್ವಿಗೆ ಜೋಡಿಯಾಗಿ 'ರನ್ವಿ' ಅಂತ ಇಡೋಣ ಅಂತಾಳೆ. ಮನೆಯವರಿಗೂ ಅದೇ ಇಷ್ಟ. ನನಗೆ ಮೊದಲಿಂದಲೂ 'ಭೂಮಿ' ಅನ್ನುವ ಹೆಸರ ಮೇಲೆ ಆಸೆ. ಅಕ್ಷರ ಕೂಡಲ್ಲ, ಅಕ್ಕನ ಹೆಸರಿಗೂ ಹೊಂದಲ್ಲ ಅಂತಾರೆ. ಹೆಸರಿಲ್ಲದೆ ಜನನ ನೋಂದಣಿ ಆಗಿದೆ, ತಡ ಮಾಡಿದರೆ ಆಮೇಲೆ ಸೇರಿಸಕ್ಕೇ ಆಗಲ್ಲ ಅಂತ ಬೇರೆ ಹೆದರಿಸುತ್ತಿದ್ದಾರೆ. ಸುಮ್ನೆ ಒಪ್ಪಿಕೊಂಡು ಬಿಡಲಾ?
– ಒಬ್ಬ ತಾಯಿ, ಮಂಡ್ಯ ತಾಲ್ಲೂಕು

ಉತ್ತರ: ಒಪ್ಪಿಕೊಳ್ಳಬೇಡಿ ತಂಗಿ. ಕಡೇಪಕ್ಷ ಹೆದರಿಕೊಂಡು ಒಪ್ಪಿಕೊಳ್ಳಬೇಡಿ.

ಮೊದಲು ಆ ಹೆದರಿಕೆಯನ್ನು ತೆಗೆದುಬಿಡುತ್ತೇನೆ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಮಗು ಹುಟ್ಟಿದ 21 ದಿನದೊಳಗೆ ಹುಟ್ಟಿದ ವಿಷಯ ನೋಂದಣಿ ಆಗಬೇಕು, ಅಷ್ಟೇ. ಹೆಸರು ಅವತ್ತೇ ಇರಬೇಕು ಅಂತ ಇಲ್ಲ. ಹೆಸರಿಲ್ಲದೆ ನೋಂದಣಿ ಆದ ಮಗುವಿಗೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದೂ ದಾಟಿದರೆ 15 ವರ್ಷದವರೆಗೆ ಒಂದು ಸಣ್ಣ ಶುಲ್ಕ ಕಟ್ಟಿ ಸೇರಿಸಬಹುದು. ನಿಮ್ಮ ಮಗುವಿಗೆ ಒಂದು ತಿಂಗಳು. ನಿಮ್ಮ ಕೈಯಲ್ಲಿ ಇನ್ನೂ ಹನ್ನೊಂದು ತಿಂಗಳು ಹತ್ತಿರ ಹತ್ತಿರ ಇದೆ. ಆದರೆ ಒಂದು ಸಲ ಸೇರಿಸುವಾಗ ಸರಿಯಾದ ಹೆಸರನ್ನೇ ಸೇರಿಸಿ, ಯಾಕೆಂದರೆ 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬರೆದ ಹೆಸರೇ ಮುಂದೆ ಎಲ್ಲ ಕಡೆ ಹೋಗುತ್ತದೆ.

ಈಗ ರನ್ವಿ ವಿಷಯ. ತನ್ವಿ ಅಂದರೆ ತೆಳ್ಳಗಿನ, ನವುರಾದ ಮೈಯವಳು. ತನು ಅನ್ನುವ ಮಾತಿನ ಬಳಗದ್ದು. ಬೇರು ಇರುವ ಹೆಸರು. ತನು ಇದ್ದ ಹಾಗೆ ರನು ಅಂತ ಒಂದು ಮಾತಿಲ್ಲ. ತ ತೆಗೆದು ಆ ಜಾಗದಲ್ಲಿ ರ ಕೂರಿಸಿದ್ದಾರೆ. ನಾಳೆ ಆ ಮಗು ಮೂರನೇ ಕ್ಲಾಸಿನಲ್ಲಿ 'ನನ್ನ ಹೆಸರಿನ ಅರ್ಥ' ಅಂತ ಬರೆದುಕೊಂಡು ಬಾ ಅಂದಾಗ ಮನೆಗೆ ಬಂದು ಕೇಳುತ್ತಾಳೆ. 'ನಿನ್ನ ಅಕ್ಕನ ಹೆಸರಿಗೆ ಹೊಂದಲಿ ಅಂತ ಇಟ್ಟಿದ್ದು ಕಂದ' ಅನ್ನುವುದು ಬಿಟ್ಟು ನಿಮ್ಮ ಹತ್ತಿರ ಬೇರೆ ಉತ್ತರ ಇರುವುದಿಲ್ಲ. ಎರಡನೇ ಮಗು ಹೇಗೂ ಅಕ್ಕನ ಫ್ರಾಕು ಹಾಕಿಕೊಳ್ಳುತ್ತೆ, ಅಕ್ಕನ ತೊಟ್ಟಿಲಲ್ಲಿ ಮಲಗುತ್ತೆ, ಅಕ್ಕ ಬರೆದು ಗೀಚಿದ ಸ್ಲೇಟು ಹಿಡಿಯುತ್ತೆ. ಅದರಲ್ಲಿ ತಪ್ಪೇನೂ ಇಲ್ಲ, ನಾವೆಲ್ಲ ಹಾಗೇ ಬೆಳೆದವರು. ಹೆಸರೊಂದಾದರೂ ಅವಳಿಗೇ ಅಂತ ಹೊಸದಾಗಿ ಬರಲಿ ಅಲ್ವಾ?

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆ ಎರಡನೆಯ, ಮೂರನೆಯ ಹೆಣ್ಣುಮಗುವಿನ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳದ ಕಾಲ ಒಂದಿತ್ತು. ದೊಡ್ಡತಾಯಮ್ಮನ ಹಿಂದೆ ಹುಟ್ಟಿದವಳು ಚಿಕ್ಕತಾಯಮ್ಮ. ಹೆಣ್ಣು ಹುಟ್ಟಿದ್ದು ಸಾಕು ಅಂತ ಸಾಕಮ್ಮ ಎಂದು ಇಟ್ಟ ಮನೆಗಳನ್ನು ನಾನೇ ನೋಡಿದ್ದೇನೆ. ಆ ಹೆಸರು ಹೊತ್ತು ಬದುಕಿದ ಒಬ್ಬ ಅಜ್ಜಿ, ಮೊಮ್ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದವರು, ಅರ್ಜಿಯಲ್ಲಿ ಮಗುವಿನ ಹೆಸರು ಬರೆಯುವಾಗ ನನ್ನ ಕೈ ಹಿಡಿದು 'ಸರಿಯಾಗಿ ಬರೀರಿ ಮೇಡಂ, ಇದು ಬೇಕು ಅಂತ ಇಟ್ಟ ಹೆಸರು' ಅಂದರು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಇನ್ನು ಕೂಗುವ ವಿಷಯ. ಹೆಸರು ಮಗುವನ್ನು ತಲುಪುವುದೇ ಕೂಗಿನಲ್ಲಿ. ದೂರದಿಂದ ಕರೆಯುವಾಗ ಹೆಸರಿನ ಮೊದಲ ವ್ಯಂಜನ ಗಾಳಿಯಲ್ಲಿ ಅರ್ಧ ಹೋಗಿಬಿಡುತ್ತದೆ. ಕಿವಿಗೆ ಬೀಳುವುದು ಸ್ವರ, ಮತ್ತೆ ನಾವು ಎಳೆಯುವ ಕೊನೆಯ ಅಕ್ಷರ. ಒಂದು ಸಂಜೆ ಪರೀಕ್ಷೆ ಮಾಡಿ ನೋಡಿ. ಒಲೆ ಮೇಲೆ ಕುಕ್ಕರ್ ಕೂಗುತ್ತಿರಲಿ, ನಡುಮನೆಯಲ್ಲಿ ಟಿವಿ ಹಾಕಿರಲಿ, ನಿಮ್ಮ ಅತ್ತೆಯವರು ಹಿತ್ತಲ ಬಾಗಿಲಲ್ಲಿ ನಿಂತು ಒಂದು ಸಲ 'ತನ್ವೀ' ಅಂತಲೂ ಒಂದು ಸಲ 'ರನ್ವೀ' ಅಂತಲೂ ಕರೆಯಲಿ. ನೀವು ಬೀದಿಯಲ್ಲಿ ನಿಂತುಕೊಳ್ಳಿ. ಎರಡು ಸಲವೂ 'ಅನ್ವೀ' ಅಂತಲೇ ಕೇಳುತ್ತದೆ. ಇಬ್ಬರೂ ಓಡಿ ಬರುತ್ತಾರೆ, ಇಲ್ಲವೇ ನನ್ನನ್ನಲ್ಲ ಅಂತ ಇಬ್ಬರೂ ಆಡುತ್ತಲೇ ಇರುತ್ತಾರೆ. ಈಗ 'ತನ್ವೀ', 'ಭೂಮೀ' ಅಂತ ಕರೆಯಿರಿ. ಬಾಲ ಒಂದೇ, ಎರಡೂ ಈ ಅಂತ ಮುಗಿಯುತ್ತವೆ, ಒಂದೇ ಮನೆಯ ಮಕ್ಕಳು ಅನ್ನುವುದು ಕೇಳಿಸುತ್ತದೆ. ಆದರೆ ಮೊದಲ ಸ್ವರ ಬೇರೆ. ಒಂದು ಚಿಕ್ಕ ಅ, ಇನ್ನೊಂದು ಉದ್ದನೆಯ ಊ. ಎಷ್ಟು ದೂರದಿಂದ ಕೂಗಿದರೂ ಕಲೆಯುವುದಿಲ್ಲ. ಹಾಗಾಗಿ ಭೂಮಿ ಹೊಂದಲ್ಲ ಅನ್ನುವವರಿಗೆ ನನ್ನ ಉತ್ತರ, ರನ್ವಿಗಿಂತ ಅದೇ ಚೆನ್ನಾಗಿ ಹೊಂದುತ್ತದೆ.

ಅತ್ತೆಯವರ ಕೈಲೇ ಕೂಗಿಸಿ ಅಂದಿದ್ದೂ ಬೇಕೆಂದೇ. ನಮ್ಮ ಹಳ್ಳಿ ಕಡೆ ಮಾತಿನಲ್ಲಿ ಹ ಹೋಗಿ ಅ ಆಗುತ್ತೆ, ಶ ಹೋಗಿ ಸ ಆಗುತ್ತೆ, ಹರ್ಷ ಅನ್ನುವುದು ಅರ್ಸ ಆಗುತ್ತೆ. ಅದು ನಮ್ಮ ಮಾತು, ತಿದ್ದಬೇಕಾದ ತಪ್ಪಲ್ಲ. ಅಜ್ಜಿಯ ಬಾಯಲ್ಲೂ ಮುರಿಯದೆ ನಿಲ್ಲುವ ಹೆಸರು ಮಗುವಿಗೆ ಜಾಸ್ತಿ ದಿನ ಬಾಳಿಕೆ ಬರುತ್ತದೆ. ಭೂಮಿ ಬೂಮಿ ಆದರೂ ಭೂಮಿಯೇ.

ಒಂದೇ ಅಕ್ಷರ ಆಚೆ ಈಚೆ ಇರುವ ಹೆಸರಿನಿಂದ ಆಗುವ ಪಾಡು ಬರೀ ಮನೆಯೊಳಗಿನದಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅಣ್ಣ ತಂಗಿ ಇಬ್ಬರಿದ್ದರು. ಅವನ ಹೆಸರಿನ ಕೊನೆಗೆ ಒಂದು ದೀರ್ಘ ಸೇರಿಸಿದರೆ ಅವಳ ಹೆಸರು. ಇನಿಷಿಯಲ್ ಇಬ್ಬರದೂ ಒಂದೇ, ಅದು ಇರಬೇಕಾದದ್ದೇ. ಶಾಲೆ ಬಿಡುವಾಗ ವರ್ಗಾವಣೆ ಪತ್ರದಲ್ಲಿ ಒಬ್ಬರ ಹುಟ್ಟಿದ ತಾರೀಖು ಇನ್ನೊಬ್ಬರಿಗೆ ಬಿದ್ದುಬಿಟ್ಟಿತು. ಹೈಸ್ಕೂಲಿಗೆ ಹೋದ ಮೇಲೆ ಗೊತ್ತಾಯಿತು. ಅವರಪ್ಪ ಕೂಲಿ ಬಿಟ್ಟು ಆ ಕಚೇರಿ ಈ ಕಚೇರಿ ಅಂತ ತಿಂಗಳುಗಟ್ಟಲೆ ಅಲೆದರು. ಬರೆದವರ ತಪ್ಪು, ನಿಜ. ಆದರೆ ತಪ್ಪು ಆಗುವ ದಾರಿಯನ್ನು ನಾವೇ ಯಾಕೆ ತೆರೆದಿಡಬೇಕು?

ಹೊಂದುವುದು ಅಂದರೆ ಪ್ರಾಸ ಅಂದುಕೊಂಡಿದ್ದೇವೆ. ಮೈಸೂರಿನ ಉದಯರವಿ ಮನೆಯನ್ನು ನೆನೆಸಿಕೊಳ್ಳಿ. ಕುವೆಂಪು ಅವರ ನಾಲ್ಕು ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ನಾಲ್ಕರಲ್ಲಿ ಯಾವ ಎರಡಕ್ಕೂ ಪ್ರಾಸ ಇಲ್ಲ, ಮೊದಲ ಅಕ್ಷರ ಒಂದೇ ಇಲ್ಲ. ಆದರೂ ಒಂದೇ ಮನೆಯ ಹೆಸರುಗಳು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಒಬ್ಬರ ಹೆಸರಲ್ಲಿ ಹುಣ್ಣಿಮೆಯ ಚಂದ್ರ, ಇನ್ನೊಬ್ಬರ ಹೆಸರಲ್ಲಿ ಅದೇ ಚಂದ್ರನ ಒಂದು ಕಲೆ, ಅಂದರೆ ಒಂದು ಪಾಲು. ಒಬ್ಬರಲ್ಲಿ ಚೈತ್ರದ ಕೋಗಿಲೆ, ಕೊನೆಯವರು ದಾಟಿಸುವವಳು. ಒಂದೇ ಮನಸ್ಸಿನಿಂದ ಬಂದ ಹೆಸರುಗಳಾದ್ದರಿಂದ ತಾವಾಗಿಯೇ ಹೊಂದಿಕೊಂಡಿವೆ. ನಿಮ್ಮಲ್ಲೂ ಹಾಗೇ, ತನು ಒಂದು ಕಡೆ, ಭೂಮಿ ಒಂದು ಕಡೆ. ಗದ್ದೆ ಬಯಲಿನ ಊರಿನಲ್ಲಿ ಮಗಳಿಗೆ ಭೂಮಿ ಅಂತ ಕರೆಯುವುದಕ್ಕಿಂತ ಸಹಜವಾದದ್ದು ಏನಿದೆ!

ಇನ್ನು 'ರ' ಅಕ್ಷರ. ಚಿತ್ತಾ ನಕ್ಷತ್ರಕ್ಕೆ ಪೆ, ಪೋ, ರ, ರಿ. ಮೂರನೇ ಪಾದಕ್ಕೆ ರ, ಶಾಸ್ತ್ರಿಗಳು ಹೇಳಿದ್ದು ಸರಿ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಹೊಂದುವ ಅಕ್ಷರಗಳೇ ಬರಬೇಕು ಅಂದರೆ ಅದು ಆಗುವ ಮಾತಲ್ಲ. ಅದಕ್ಕೇ ಹಿಂದಿನವರು ದಾರಿ ಇಟ್ಟಿದ್ದಾರೆ. ನಾಮಕರಣದಲ್ಲಿ ಮಗುವಿಗೆ ಇಡುವುದು ಒಂದು ಹೆಸರಲ್ಲ. ಮನೆದೇವರ ಹೆಸರು, ಹುಟ್ಟಿದ ಮಾಸದ ಹೆಸರು, ನಕ್ಷತ್ರದ ಹೆಸರು, ಕೊನೆಗೆ ಎಲ್ಲರೂ ಕರೆಯುವ ವ್ಯವಹಾರದ ಹೆಸರು. ರ ಬೇಕಾಗಿರುವುದು ನಕ್ಷತ್ರದ ಹೆಸರಿಗೆ. ಅದನ್ನು ರಾಧಾ ಅಂತಲೋ ರಂಜಿನಿ ಅಂತಲೋ ಇಡಿ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರ ಹಿಡಿದು ಅದನ್ನೂ ಬರೆಯಿರಿ, ಅದರ ಕೆಳಗೆ ಭೂಮಿ ಅಂತ ಬರೆಯಿರಿ. ಪ್ರಮಾಣಪತ್ರಕ್ಕೆ ಭೂಮಿ ಹೋಗಲಿ.

ನಿಮ್ಮ ನಾದಿನಿಯನ್ನು ಮಾತ್ರ ಬಿಟ್ಟುಕೊಡಬೇಡಿ. ಸೋದರತ್ತೆ ಅವಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಅವಳ ಪಾಲಿನದು. ಆ ನಕ್ಷತ್ರದ ಹೆಸರು ಯಾವುದಿರಲಿ ಅಂತ ಅವಳೇ ಆರಿಸಲಿ, ತೊಟ್ಟಿಲ ಮುಂದೆ ಕೂತು ಮೂರು ಸಲ ಅವಳೇ ಹೇಳಲಿ. ಅವಳಿಗೆ ಬೇಕಾಗಿರುವುದು ರನ್ವಿ ಅನ್ನುವುದಕ್ಕಿಂತ ಈ ಮಗುವಿನಲ್ಲಿ ತನ್ನದೂ ಒಂದು ಪಾಲು ಅಂತ ನನಗೆ ಅನಿಸುತ್ತದೆ. ತನ್ವಿಯನ್ನೂ ಒಂದು ಮಾತು ಕೇಳಿ. ನಾಲ್ಕು ವರ್ಷದ ಮಗು 'ಭೂಮಿ' ಅಂತ ಎರಡು ಸಲ ಹೇಳಿದಳೆಂದರೆ ಮನೆಯಲ್ಲಿ ಆ ಹೆಸರು ನಿಂತ ಹಾಗೇ.

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ನಮಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ. ನಮ್ಮ ಕಡೆಯ ನದಿಗಳ ಹೆಸರೇ ಇಡಬೇಕು ಅಂತ ಇಬ್ಬರಿಗೂ ಆಸೆ. ಕಾವೇರಿ, ಕಪಿಲಾ ಅಂತ ಯೋಚಿಸಿದ್ದೇವೆ. ಅವಳಿಗಳಿಗೆ ಒಂದೇ ಅಕ್ಷರದ ಹೆಸರು ಚೆಂದ ಅಂತಾರೆ. ನಿಮ್ಮ ಅಭಿಪ್ರಾಯ ಹೇಳಿ.
– ಅಪ್ಪ ಅಮ್ಮ, ಮೈಸೂರು

ಉತ್ತರ: ನದಿಯ ಹೆಸರು ಅಂದಿರಲ್ಲ, ಓದಿ ಮನಸ್ಸು ತುಂಬಿತು. ನಿಮ್ಮಿಬ್ಬರಿಗೂ ನನ್ನ ಅಭಿನಂದನೆ.

ಆದರೆ ಅವಳಿಗಳಿಗೆ ಒಂದೇ ಅಕ್ಷರ ಬೇಡ. ಬೇರೆ ಅಕ್ಕತಂಗಿಯರಿಗೆ ಹುಟ್ಟಿದ ವರ್ಷವಾದರೂ ಬೇರೆ ಇರುತ್ತದೆ. ಅವಳಿಗಳಿಗೆ ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ವಿಳಾಸ, ಇನಿಷಿಯಲ್ ಎಲ್ಲ ಒಂದೇ. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಕಣ್ಣಿನ ಗುರುತೂ ಇಲ್ಲ, ಬರೀ ಫೋಟೋ. ಕಾಗದದ ಮೇಲೆ ಇಬ್ಬರನ್ನು ಬೇರೆ ಮಾಡುವುದು ಹೆಸರು ಮಾತ್ರ ಅಂತ ಇಟ್ಟುಕೊಳ್ಳಿ. ಲಸಿಕೆ ಕಾರ್ಡಿನಲ್ಲಿ ಅವಸರದಲ್ಲಿ 'ಕ' ಅಂತ ಗುರುತು ಹಾಕಿದರೆ ಯಾರ 'ಕ'?

ಇನ್ನೊಂದು ಮಾತು, ಇದು ನನಗೆ ಮುಖ್ಯ. ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಸೇರಿದ ಮೇಲೆ ಅವಳ ಹೆಸರು ಇಲ್ಲ, ಮುಂದೆ ಸಮುದ್ರದವರೆಗೆ ಕಾವೇರಿಯೇ. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬಳು ದೊಡ್ಡ ನದಿ, ಒಬ್ಬಳು ಉಪನದಿ ಆಗುವುದು ನನಗೆ ಅಷ್ಟು ಸರಿ ಕಾಣಲಿಲ್ಲ. ಬೆಳೆದ ಮಕ್ಕಳು ಇದನ್ನು ಗಮನಿಸದೇ ಇರುವುದಿಲ್ಲ, ಭೂಪಟ ಓದಿಸುವಾಗ ಪಕ್ಕದಲ್ಲಿ ಕೂತವರು ಹೇಳಿಯೇ ಹೇಳುತ್ತಾರೆ.

ಹೇಮಾವತಿ, ಕಪಿಲಾ ಅಂತ ಇಟ್ಟರೆ? ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ, ಕಪಿಲೆ ನರಸೀಪುರದಲ್ಲಿ. ಒಬ್ಬಳಿಗೆ ಗೊರೂರಿನಲ್ಲಿ ಅಣೆಕಟ್ಟು, ಇನ್ನೊಬ್ಬಳಿಗೆ ಬೀಚನಹಳ್ಳಿಯಲ್ಲಿ. ಇಬ್ಬರೂ ಬೇರೆ ಬೇರೆ ಕಡೆಯಿಂದ ಬಂದು ಒಬ್ಬಳೇ ತಾಯಿಯನ್ನು ಸೇರುವವರು, ಯಾರೂ ಯಾರಿಗೂ ಕಮ್ಮಿ ಇಲ್ಲ. ಮನೆಯಲ್ಲಿ ಹೇಮಾ, ಕಪಿಲಾ ಅಂತ ಕರೆಯಬಹುದು. ಕಾವೇರಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಮನೆಗೆ ಆ ಹೆಸರಿಡಿ. ಲೋಕಪಾವನಿ, ಸುವರ್ಣಾವತಿ, ಶಿಂಷಾ ಇವೂ ನಮ್ಮ ಸುತ್ತಮುತ್ತಲ ನದಿಗಳೇ. ಶಿಂಷಾ ಅನ್ನುವ ಹುಡುಗಿ ನನ್ನ ಹಾಜರಿ ಪುಸ್ತಕದಲ್ಲಿ ಒಬ್ಬಳೂ ಬರಲಿಲ್ಲ, ಬಂದಿದ್ದರೆ ದಿನಾ ಎರಡು ಸಲ ಕೂಗುತ್ತಿದ್ದೆ.

ಪ್ರಶ್ನೆ: ಮಗಳು ಶ್ರೇಯಾ. ಈಗ ಮಗ ಹುಟ್ಟಿದ್ದಾನೆ. ಶ್ರೇಯಸ್ ಇಡಬಹುದಾ? ನಮ್ಮ ಇನಿಷಿಯಲ್ ಎಸ್.
– ಮದ್ದೂರು

ಉತ್ತರ: ಬೇಡ. ಇಂಗ್ಲಿಷಿನಲ್ಲಿ ಇಬ್ಬರ ಹೆಸರನ್ನೂ ಒಂದು ಹಾಳೆಯ ಮೇಲೆ ಬರೆದು ನೋಡಿ. ಶ್ರೇಯಾ ಆದ ಮೇಲೆ ನಿಮ್ಮ ಇನಿಷಿಯಲ್ ಎಸ್ ಬರೆದರೆ ಅದು ಶ್ರೇಯಸ್ ಆಗುತ್ತದೆ. ನಡುವೆ ಇರುವುದು ಒಂದು ಖಾಲಿ ಜಾಗ ಅಷ್ಟೇ, ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ಅದನ್ನು ಬಿಟ್ಟರೆ ಮುಗಿಯಿತು. ಅರ್ಥವೂ ಎರಡಕ್ಕೂ ಒಂದೇ, ಒಳ್ಳೆಯದಾಗುವುದು. ಆ ಅರ್ಥ ನಿಮಗೆ ಇಷ್ಟವಾಗಿದ್ದರೆ ಕುಶಲ್ ಅಂತ ಇಡಿ. ಮಗಳ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆಯೋ ಮುಂದೆ ಇದೆಯೋ, ಬಿಡಿಸಿ ಬರೆದಿದೆಯೋ ನೋಡಿಕೊಂಡು ಮಗನಿಗೂ ಹಾಗೇ ಬರೆಸಿ. ಒಬ್ಬರಿಗೆ ಬರೀ ಎಸ್, ಇನ್ನೊಬ್ಬರಿಗೆ ಅಪ್ಪನ ಪೂರ್ತಿ ಹೆಸರು ಅಂತಾದರೆ ಮುಂದೆ ಒಂದೇ ಮನೆಯವರು ಅಂತ ತೋರಿಸುವುದಕ್ಕೇ ಓಡಾಡಬೇಕಾಗುತ್ತದೆ. ಅಕ್ಷರ ಹೊಂದಿಸಬೇಕಾಗಿರುವುದು ಅಲ್ಲಿ.

ಪ್ರಶ್ನೆ: ತಾಯಿ, ನನಗೆ 71 ವರ್ಷ. ಪಾಂಡವಪುರ ತಾಲ್ಲೂಕು. ನಮ್ಮ ಮನೆದೇವರು ಮೇಲುಕೋಟೆ ಚೆಲುವರಾಯಸ್ವಾಮಿ. ದೊಡ್ಡ ಮೊಮ್ಮಗನಿಗೆ ವಿಹಾನ್ ಅಂತ ಇಟ್ಟರು, ಸುಮ್ಮನಿದ್ದೆ. ಎರಡನೆಯವನಿಗಾದರೂ ಚೆಲುವನಾರಾಯಣ ಅಂತ ಇಡಿ ಅಂದೆ. ಹಳೇ ಹೆಸರು, ಅಣ್ಣನ ಹೆಸರಿಗೆ ಹೊಂದಲ್ಲ, ಇಹಾನ್ ಅಂತ ಇಡ್ತೀವಿ ಅಂತಾರೆ ಮಗ ಸೊಸೆ. ಬೆಂಗಳೂರಲ್ಲಿದ್ದಾರೆ. ನಾನು ಕೇಳಿದ್ದು ತಪ್ಪಾ?
– ಒಬ್ಬ ತಾತ

ಉತ್ತರ: ತಪ್ಪಲ್ಲ ಯಜಮಾನರೇ. ಕೇಳಬೇಕಾದವರು ನೀವೇ. ಹೆಸರು ಆರಿಸುವ ಕೊನೆಯ ಮಾತು ತಂದೆ ತಾಯಿಯದು, ಅದನ್ನು ನೀವೂ ಬಲ್ಲಿರಿ, ದೊಡ್ಡವನ ಸಲ ಸುಮ್ಮನಿದ್ದದ್ದೇ ಅದಕ್ಕೆ. ಆದರೆ ನಿಮ್ಮ ಆಸೆಯೂ ಅವರ ಇಷ್ಟವೂ ಒಂದೇ ಹೆಸರಲ್ಲಿ ಕೂಡುವ ದಾರಿ ಮೇಲುಕೋಟೆಯಲ್ಲೇ ಇದೆ.

ಚೆಲುವನಾರಾಯಣನಿಗೆ ಸಂಪತ್ಕುಮಾರ ಅಂತಲೂ ಹೆಸರು. ರಾಮಪ್ರಿಯ ಅಂತಲೂ ಕರೆಯುತ್ತಾರೆ. ವೈರಮುಡಿಯ ರಾತ್ರಿ ಕಿರೀಟ ಧರಿಸಿ ಬೀದಿಗೆ ಬರುವ ಮೂರ್ತಿಯದೇ ಆ ಹೆಸರುಗಳು. ಮಗನಿಗೆ ಫೋನ್ ಮಾಡಿ 'ಸಂಪತ್' ಅಂತ ಇಡುತ್ತೀರಾ ಅಂತ ಕೇಳಿ. ವಿಹಾನ್, ಸಂಪತ್. ಕೂಗಲು ಚೆನ್ನಾಗಿದೆ, ಕಲೆಯುವುದಿಲ್ಲ, ಬೆಂಗಳೂರಿನ ಶಾಲೆಯಲ್ಲೂ ಯಾರಿಗೂ ಕಷ್ಟವಿಲ್ಲ. ಮನೆದೇವರ ಹೆಸರೇ ಅದು ಅಂತ ನಿಮಗೂ ಗೊತ್ತು, ಆ ದೇವರಿಗೂ ಗೊತ್ತು. ಇಹಾನ್ ವಿಷಯಕ್ಕೆ ಬಂದರೆ, ಮೇಲಿನ ತಾಯಿಗೆ ರನ್ವಿ ಬಗ್ಗೆ ಹೇಳಿದ್ದೇ ನಿಮ್ಮ ಸೊಸೆಗೂ. ವಿಹಾನ್, ಇಹಾನ್ ನಡುವೆ ಇರುವುದು ಒಂದು 'ವ್' ಮಾತ್ರ. ಈ ಪುಟವನ್ನು ಅವರಿಗೆ ಕಳಿಸಿ, ನನ್ನ ಹೆಸರು ಹೇಳಿ.

ನಾಮಕರಣಕ್ಕೆ ನೀವು ಹೋಗುತ್ತೀರಲ್ಲ, ಅಕ್ಕಿಯ ಮೇಲೆ ಮೊದಲು ಬರೆಯುವ ಮನೆದೇವರ ಹೆಸರನ್ನು ನೀವೇ ಬರೆಯಿರಿ. ಚೆಲುವನಾರಾಯಣ ಅಂತ ಪೂರ್ತಿ ಬರೆಯಿರಿ, ದೊಡ್ಡ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಬೆರಳನ್ನೂ ಉಂಗುರದ ಜೊತೆ ಹಿಡಿಸಿ.